ಮೊದಲ ಶನಿವಾರದ ಹುಲ್ಲು

“ಮೇಡಂ, ಏಳಿ. ನೀವು ಕೂತಿರೋ ಜಾಗದ ಮೇಲೆ ನಾನು ಹನ್ನೆರಡು ಟನ್ ಓಡಿಸಬೇಕು.”

ಪೆರ್ಸಿದಾ ಏಳಲಿಲ್ಲ. ಟಿಮಾ ಗಾಯಿನನ ಗೇಟಿನ ಬಲಕ್ಕೆ, ಹಿಪ್ಪುನೇರಳೆ ಮರದ ನೆರಳಿನಲ್ಲಿ ಮೊಣಕಾಲೂರಿ, ಅಂಗೈಯಿಂದ ಹುಲ್ಲನ್ನು ತಡವುತ್ತಲೇ ಇದ್ದಳು. ಉದುರಿದ ಹಣ್ಣಿನ ರಸಕ್ಕೆ ಅವಳ ಪ್ಯಾಂಟಿನ ಮಂಡಿಗಳು ಕಡುನೇರಳೆಯಾಗಿದ್ದವು.

“ಈ ಕೆಲಸ ಸೋಮವಾರ ಅಂತಿತ್ತಲ್ಲ, ಬೋಶ್ಕೊ?”

“ಅಂತಿತ್ತು. ನಿಮ್ಮ ಸಾಹೇಬ್ರು ಬೆಳಿಗ್ಗೆ ಫೋನ್ ಮಾಡಿ ಇವತ್ತೇ ಅಂದ್ರು. ನಾನು ರೋಲರ್ ಓಡಿಸೋನು ಮೇಡಂ, ಕ್ಯಾಲೆಂಡರ್ ಓಡಿಸೋನಲ್ಲ.”

ರೋಲರಿನ ಹಿಂದೆ ಜಲ್ಲಿ ತುಂಬಿದ ಲಾರಿ ನಿಂತಿತ್ತು. ದುದಾರಾ ಹಳ್ಳಿಯ ಈ ಬೀದಿಯುದ್ದಕ್ಕೂ ರಸ್ತೆಗೂ ಮನೆಗಳ ಬೇಲಿಗೂ ನಡುವೆ ಎಂಟು ಹೆಜ್ಜೆ ಅಗಲದ ಹುಲ್ಲುಪಟ್ಟಿ. ನೆಲ ಪುರಸಭೆಯದು, ಕುಯ್ದು ಚೊಕ್ಕಟವಾಗಿಡುವ ಹೊಣೆ ಆಯಾ ಮನೆಯವರದು. ಈಗ ಅದರ ಮೇಲೆ ಜಲ್ಲಿ ಸುರಿದು, ಕಾಂಕ್ರೀಟ್ ಹಾಕಿ, ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಿದ್ದರು.

ಅವಳು ಜೇಬಿನಿಂದ ಸಣ್ಣ ಚಾಕು ತೆಗೆದು ಹುಲ್ಲಿನ ನಡುವೆ ಇಳಿಸಿದಳು. ಅಲಗು ತಡೆಯಿಲ್ಲದೆ ಹಿಡಿಯವರೆಗೂ ಹೋಯಿತು. ಒಂದು ಗೇಣು ಆಚೆ ಮತ್ತೆ ಚುಚ್ಚಿದಳು. ಅಲ್ಲಿ ಬೇರು ತಡೆಯಿತು. ಮೊದಲಿನ ಕಡೆಗೆ ಬಂದು, ಚಾಕು ಸಲೀಸಾಗಿ ಇಳಿಯುವ ಗೆರೆಯನ್ನೇ ಹಿಡಿದು ನಡೆದಳು. ಗೆರೆ ನೇರವಾಗಿ ಹೋಗಿ, ತಿರುಗಿ, ಮತ್ತೆ ತಿರುಗಿ, ಹೊರಟಲ್ಲಿಗೇ ಬಂದು ಸೇರಿತು.

ಹೆಂಚಿನಷ್ಟು ದಪ್ಪಕ್ಕೆ ಹುಲ್ಲನ್ನು ಬೇರುಸಹಿತ ಹೋಳು ಹೋಳಾಗಿ ಎತ್ತಿ, ಅಗೆದು, ಮುಚ್ಚಿ, ಮತ್ತೆ ಹಾಸಿದ್ದರು. ಕಳೆದ ವಾರದ ಮಳೆಗೆ ನಡುಭಾಗ ಎರಡು ಬೆರಳು ಕುಸಿದಿತ್ತು. ಉದ್ದ ಎರಡು ಹೆಜ್ಜೆ. ಅಗಲ ಒಂದು.

ಬೋಶ್ಕೊ ರೋಲರಿನಿಂದ ಇಳಿದು ಬಂದ. ನೋಡಿದ. ಬಾಯಿಯ ಸಿಗರೇಟನ್ನು ಕೈಗೆ ತೆಗೆದುಕೊಂಡ.

“ನೀರಿನ ಪೈಪ್ ಏನಾದರೂ ಹಾಕಿರಬೇಕು...”

“ಪೈಪ್ ಇಷ್ಟು ಗಿಡ್ಡ ಇರತ್ತಾ?”

ಅವನು ಮೂರು ಬೆರಳು ಜೋಡಿಸಿ ಹಣೆಗೆ, ಹೊಟ್ಟೆಗೆ, ಎರಡೂ ಭುಜಕ್ಕೆ ಮುಟ್ಟಿಸಿಕೊಂಡ.

*

ಎಪ್ಪತ್ತೊಂದರ ಟಿಮಾ ಕಾಣೆಯಾಗಿ ಹದಿನಾರನೆಯ ದಿನ ಅದು. ಒಂದು ಶುಕ್ರವಾರ ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡು ಕೊಂಡದ್ದೇ ಕೊನೆ, ಮತ್ತೆ ಯಾರೂ ಅವನನ್ನು ಕಂಡಿರಲಿಲ್ಲ. ದೂರದ ಲಿಂಟ್ಸ್ ಪಟ್ಟಣದಲ್ಲಿರುವ ಮಗಳ ಮನೆಗೂ ಹೋಗಿರಲಿಲ್ಲ. ಪೊಲೀಸರು, ವಯಸ್ಸಾದವನು, ಎಲ್ಲೋ ಹೋಗಿದ್ದಾನೆ, ಬರುತ್ತಾನೆ ಎಂದು ಕಡತ ಮಡಚಿಟ್ಟಿದ್ದರು.

ಪೆರ್ಸಿದಾಳಿಗೆ ಮಡಚಿಡಲು ಆಗಿರಲಿಲ್ಲ. ಪುರಸಭೆಯ ಇನ್‌ಸ್ಪೆಕ್ಟರಾಗಿ ಹನ್ನೆರಡು ವರ್ಷ ಇಂಥ ಹುಲ್ಲುಪಟ್ಟಿಗಳನ್ನೇ ನೋಡಿದವಳು ಅವಳು. ಕಾಣೆಯಾಗುವ ಹಿಂದಿನ ದಿನ, ಗುರುವಾರ, ಹುಲ್ಲು ಮಂಡಿಯೆತ್ತರ ಬೆಳೆದಿದೆ ಎಂದು ಟಿಮಾನ ಗೇಟಿಗೆ ನೋಟಿಸು ಅಂಟಿಸಿದ್ದವಳೂ ಅವಳೇ. ಚಿಕ್ಕಂದಿನಿಂದ ಟಿಮಾ ಮಾವ ಎಂದು ಕರೆದವನಿಗೆ ಅವಳು ಕೊಟ್ಟ ಕೊನೆಯ ವಸ್ತು ಒಂದು ಸರ್ಕಾರಿ ಕಾಗದವಾಗಿತ್ತು.

ಅವಳ ಫೋನಿನಲ್ಲಿ ಎರಡು ಚಿತ್ರಗಳಿದ್ದವು. ಗುರುವಾರದ್ದರಲ್ಲಿ ಹುಲ್ಲು ಎದ್ದು ನಿಂತಿದೆ. ಶನಿವಾರ ಮಧ್ಯಾಹ್ನದ್ದರಲ್ಲಿ ನುಣ್ಣಗೆ ಕುಯ್ದು ಮಲಗಿಸಿದೆ. ಅಂದು ಆ ಚಿತ್ರ ತೆಗೆದು, ನೋಟಿಸಿನ ಪ್ರತಿಯ ಮೇಲೆ ‘ಪಾಲಿಸಲಾಗಿದೆ’ ಎಂದು ಬರೆದು, ಕಾಫಿ ಕುಡಿಯಲು ಹೋಗಿದ್ದಳು.

ಇವತ್ತು ಬೆಳಿಗ್ಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಅವಳಿಗೆ ವ್ಯತ್ಯಾಸ ಕಂಡದ್ದು. ಟಿಮಾ ಪೆಟ್ರೋಲ್ ಯಂತ್ರದಲ್ಲಿ ಹುಲ್ಲು ಕತ್ತರಿಸುವವನು. ಯಂತ್ರ ಹುಲ್ಲನ್ನು ಪುಡಿಪುಡಿ ಮಾಡಿ ಎರಚುತ್ತದೆ. ಚಿತ್ರದ ಹುಲ್ಲು ಉದ್ದುದ್ದ ಸಾಲಾಗಿ ಮಲಗಿತ್ತು. ಉದ್ದ ಹಿಡಿಯ ಕುಡುಗೋಲಿನ ಕೆಲಸ.

ಮತ್ತು ಅಂದು ಶನಿವಾರ.

ಈ ಬೀದಿಯಲ್ಲಿ ಒಂದು ಮನೆಯಲ್ಲಿ ಸಾವಾದರೆ, ಆ ಮನೆಯವರು ನಲವತ್ತು ದಿನ ಮನೆ ಮುಂದಿನ ಹುಲ್ಲಿಗೆ ಅಲಗು ತಾಗಿಸುವುದಿಲ್ಲ. ಮೊದಲ ಶನಿವಾರ, ಇಗರ್ಜಿಯ ಗಂಟೆ ಬಾರಿಸುವ ಮುಂಚೆ, ನೆರೆಯವರು ಬಂದು ಕುಯ್ಯುತ್ತಾರೆ. ಯಾರೂ ಹೇಳಿ ಕಳಿಸುವುದಿಲ್ಲ, ಯಾರೂ ಕೇಳುವುದಿಲ್ಲ, ಯಾರೂ ಕೃತಜ್ಞತೆ ಸಲ್ಲಿಸುವುದಿಲ್ಲ. ಅಜ್ಜಿ ಸತ್ತಾಗ ಕಿಟಕಿಯಾಚೆ ಆ ಸರಕ್ ಸರಕ್ ಸದ್ದು ಕೇಳಿ ಎಚ್ಚರಗೊಂಡದ್ದು ಪೆರ್ಸಿದಾಳಿಗೆ ಇಂದಿಗೂ ನೆನಪಿದೆ.

ಟಿಮಾನ ಮನೆಗೆ ಕಪ್ಪು ಬಾವುಟ ಕಟ್ಟಿರಲಿಲ್ಲ. ಗಂಟೆ ಬಾರಿಸಿರಲಿಲ್ಲ. ಅವನು ಕಾಣೆಯಾಗಿದ್ದಾನೆಂದು ಸಹ ಆ ಶನಿವಾರ ಊರಿಗೆ ಗೊತ್ತಿರಲಿಲ್ಲ.

ಆದರೂ ಯಾರೋ ಸತ್ತವನ ಹುಲ್ಲು ಕುಯ್ದಿದ್ದರು.

ಕೊಲ್ಲಲು ಹೇಸದ ಕೈ ಕೂಡ ಈ ಒಂದು ಪದ್ಧತಿಯನ್ನು ಮೀರಲು ಅಂಜಿತ್ತು. ಅಲ್ಲಿಯೇ ಸಿಕ್ಕಿಬಿದ್ದಿತ್ತು.

*

ಫೋನಿನಲ್ಲಿ ವಿಭಾಗದ ಮುಖ್ಯಸ್ಥ ವೇಲ್ಯಾ ಮೊದಲು ನಕ್ಕ.

“ಹೆಣ? ಪೆರ್ಸಿದಾ, ನಾಯಿ ಹೂತಿರ್ತಾರೆ ಕಣ್ರೀ. ಊರಲ್ಲಿ ನಾಯಿ ಸಾಯಲ್ವಾ?”

“ನಾಯಿಗೆ ಯಾರೂ ಹುಲ್ಲು ಕುಯ್ಯಲ್ಲ, ಸರ್. ಕೆಲಸ ಯಾಕೆ ಸೋಮವಾರದಿಂದ ಇವತ್ತಿಗೆ ಬಂತು?”

“ಲಾರಿ ಇವತ್ತು ಖಾಲಿ ಇತ್ತು. ಲಾರಿಗೂ ನಿಮಗೆ ಅರ್ಜಿ ಹಾಕಬೇಕಿತ್ತಾ?”

“ನಾನು ಕೆಲಸ ತಡೀತೀನಿ. ಪುರಸಭೆ ನೆಲ, ಅನುಮತಿ ಇಲ್ಲದೆ ಅಗೆದಿದ್ದಾರೆ. ಅಷ್ಟು ಸಾಕು.”

“ಸಾಕಾಗಲ್ಲ.” ಅವನ ದನಿಯಲ್ಲಿ ನಗೆ ಇರಲಿಲ್ಲ. “ತಡೆ ಆದೇಶದಲ್ಲಿ ಐದನೇ ಖಾನೆ ಇದೆ. ಯಾರನ್ನ ವಿಚಾರಿಸಬೇಕು ಅನ್ನೋ ಹೆಸರು. ಆ ಖಾನೆ ಖಾಲಿ ಇದ್ರೆ ಆದೇಶ ನಾನು ಹರಿದು ಹಾಕಬಹುದು, ಹರಿದೂ ಹಾಕ್ತೀನಿ. ಎರಡು ಗಂಟೆಗೆ ಅಲ್ಲಿ ಬರ್ತಿದ್ದೀನಿ. ಹೆಸರಿದ್ರೆ ಪೊಲೀಸರನ್ನ ಕರೀರಿ. ಇಲ್ದಿದ್ರೆ ದಾರಿ ಬಿಡಿ.”

ಹನ್ನೆರಡೂವರೆಯಾಗಿತ್ತು. ಅವಳು ಬ್ಯಾಗಿನಿಂದ ಕೆಂಪು ಬಿಳಿ ಪಟ್ಟಿ ತೆಗೆದು ಮರದಿಂದ ಗೇಟಿನ ಕಂಬಕ್ಕೆ, ಅಲ್ಲಿಂದ ಬೋಶ್ಕೊನ ರೋಲರಿಗೆ ಸುತ್ತಿದಳು.

“ನನ್ನ ರೋಲರ್ ಯಾಕೆ ಮೇಡಂ ಕಟ್ಟಿ ಹಾಕ್ತೀರಿ?”

“ಎರಡು ಗಂಟೆವರೆಗೆ ಅದೂ ಸಾಕ್ಷಿ.”

ಎಡಗಡೆಯ ಮನೆಯಿಂದ ಕಬ್ಬಿಣಕ್ಕೆ ಸುತ್ತಿಗೆ ತಾಗುವ ಸದ್ದು ಕೇಳುತ್ತಿತ್ತು. ಟಣ್, ಟಣ್, ಟಣ್. ಯಾರೋ ಕುಡುಗೋಲು ಹದ ಮಾಡುತ್ತಿದ್ದರು.

ಆ ಮನೆ ಗ್ಲಿಶಾ ಮೋಮಿರ್ಸ್ಕಿಯದು. ಹುಲ್ಲುಪಟ್ಟಿ ಹೋಗಲಿ, ಕಾರು ನಿಲ್ಲಿಸುವ ಜಾಗ ಬರಲಿ ಎಂದು ಮೊದಲು ಸಹಿ ಹಾಕಿದವನು ಗ್ಲಿಶಾ. ಮರ ಕಡಿಯಲು ಬಿಡುವುದಿಲ್ಲವೆಂದು ಸಹಿ ಹಾಕದೆ ಉಳಿದವನು ಟಿಮಾ ಒಬ್ಬನೇ. ಬೇಸಿಗೆಯುದ್ದಕ್ಕೂ ಇಬ್ಬರೂ ತಮ್ಮ ತಮ್ಮ ಗೇಟಿನ ಮುಂದಿನ ಬೆಂಚಿನಿಂದ ಬೈದಾಡಿಕೊಂಡದ್ದನ್ನು ಬೀದಿಯೇ ಕೇಳಿತ್ತು.

ಪೆರ್ಸಿದಾ ಐದನೆಯ ಖಾನೆಗೆ ಹೆಸರು ತರಲು ಹೊರಟಳು.

*

ಗ್ಲಿಶಾ ಅಂಗಳದಲ್ಲಿ ಮೋಟು ದಿಮ್ಮಿಯ ಮೇಲೆ ಕೂತು, ದಿಮ್ಮಿಗೆ ಹೊಡೆದ ಕಬ್ಬಿಣದ ಗೂಟದ ಮೇಲೆ ಅಲಗು ಇಟ್ಟು ಅಂಚನ್ನು ತಟ್ಟಿ ತಟ್ಟಿ ತೆಳುಮಾಡುತ್ತಿದ್ದ. ತಲೆ ಎತ್ತಲಿಲ್ಲ.

“ಬಾ, ಅರ್ಸೆನನ ಮಗಳೇ. ನನ್ನ ಹುಲ್ಲು ಎಷ್ಟು ಉದ್ದ ಇದೆ ಅಂತ ಅಳೆಯೋಕೆ ಬಂದ್ಯಾ? ಟೇಪು ತಂದಿದ್ದೀಯ ತಾನೇ?”

“ನಿಮ್ಮ ಹುಲ್ಲು ಚೆನ್ನಾಗಿದೆ, ಗ್ಲಿಶಾ ಮಾವ. ಟಿಮಾ ಮಾವನ ಹುಲ್ಲು ಕೇಳೋಕೆ ಬಂದೆ.”

ಟಣ್, ಟಣ್, ಟಣ್. ಸುತ್ತಿಗೆ ಲಯ ತಪ್ಪಲಿಲ್ಲ.

ಅವನ ಹೆಂಡತಿ ಯೆಲ್ಕಾ ತಟ್ಟೆಯಲ್ಲಿ ಕಾಫಿ, ನೀರು, ಒಂದು ಚಮಚ ಪ್ಲಮ್ ಹಣ್ಣಿನ ಪಾಕ ತಂದಿಟ್ಟಳು. “ಮೊದಲು ಬಾಯಿ ಸಿಹಿ ಮಾಡ್ಕೋ, ಆಮೇಲೆ ಜಗಳ ಆಡು” ಎಂದು ಬಾಗಿಲಲ್ಲೇ ನಿಂತಳು.

ಪೆರ್ಸಿದಾ ಪಾಕ ತಿಂದು, ನೀರು ಕುಡಿದಳು. ಅವಳಿಗೆ ಮಾತಿಗಿಂತ ಸದ್ದಿನ ಮೇಲೆ ನಂಬಿಕೆ. ಅಪ್ಪ ಅರ್ಸೆನ್ ನಲವತ್ತು ವರ್ಷ ಇಗರ್ಜಿಯಲ್ಲಿ ಕೀರ್ತನೆ ಓದಿದವನು; ಅವನ ಪಕ್ಕದಲ್ಲಿ ನಿಂತು, ಓದು ಬರುವ ಮುಂಚೆಯೇ, ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಕಿವಿಯಲ್ಲೇ ಕಲಿತವಳು. ಈಗ ಅವಳು ಗ್ಲಿಶಾನ ಮುಖ ನೋಡಲಿಲ್ಲ. ಸುತ್ತಿಗೆಯನ್ನು ಕೇಳಿದಳು.

“ಟಿಮಾ ಮಾವನನ್ನ ಕೊನೆಗೆ ನೋಡಿದ್ದು ಯಾವಾಗ?”

“ಗುರುವಾರ. ನಿನ್ನ ನೋಟಿಸು ಓದಿ ನಿನ್ನನ್ನೇ ಬೈತಿದ್ದ.” ಟಣ್, ಟಣ್.

“ಶುಕ್ರವಾರ?”

“ನಾವು ಊರಲ್ಲಿರಲಿಲ್ಲ. ಇವಳ ತಂಗಿ ಮಗಳ ಮದುವೆ. ರಾತ್ರಿ ಅಲ್ಲೇ ಇದ್ದು, ಶನಿವಾರ ನಸುಕಿಗೆ ಬಂದ್ವಿ.” ಟಣ್, ಟಣ್.

“ಬಂದು?”

“ಬಂದು ಏನು, ಬೂಟು ಬಿಚ್ಚಿದೆ.”

“ಬೂಟು ಬಿಚ್ಚಲಿಲ್ಲ, ಮಾವ. ಕುಡುಗೋಲು ತಗೊಂಡು ಟಿಮಾ ಮಾವನ ಗೇಟಿನ ಮುಂದೆ ಹೋದ್ರಿ.”

ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಅವಳು ಫೋನು ತೆಗೆದು ಶನಿವಾರದ ಚಿತ್ರವನ್ನು ಅವನ ಮಂಡಿಯ ಮೇಲಿಟ್ಟಳು. “ಯಾರೂ ಸತ್ತಿಲ್ಲ ಅಂತ ಊರೆಲ್ಲ ಅಂದ್ಕೊಂಡಿದ್ದ ದಿನ ನೀವು ಸತ್ತವರ ಹುಲ್ಲು ಕುಯ್ದಿದ್ದೀರಿ. ಟಿಮಾ ಮಾವ ಸತ್ತದ್ದು ನಿಮಗೆ ಹೇಗೆ ಗೊತ್ತಾಯ್ತು?”

“ಗ್ಲಿಶಾ, ಹೇಳಿಬಿಡು” ಎಂದಳು ಯೆಲ್ಕಾ ಬಾಗಿಲಿನಿಂದ.

“ನೀನು ಒಳಗೆ ಹೋಗು.”

“ಒಳಗೆ ಹೋಗಿ ಹದಿನೈದು ದಿನ ಆಯ್ತು. ಅಲ್ಲೂ ನಿದ್ದೆ ಇಲ್ಲ.”

ಗ್ಲಿಶಾ ಅಲಗನ್ನು ಹುಲ್ಲಿನ ಮೇಲೆ ಇಟ್ಟ. ಕೈ ಒರೆಸಿಕೊಂಡ. ಮುದುಕನ ಕಿವಿಗಳು ಕೆಂಪಾಗಿದ್ದವು.

“ಕುಯ್ದೆ. ಹೌದು, ಕುಯ್ದೆ. ಇಪ್ಪತ್ತು ವರ್ಷ ಜಗಳ ಆಡಿದೀನಿ, ಇನ್ನೂ ಇಪ್ಪತ್ತು ಆಡೋ ಆಸೆ ಇತ್ತು. ಆದ್ರೂ ಸತ್ತವನ ಗೇಟಿನ ಮುಂದೆ ಹುಲ್ಲು ಬೆಳೆಯೋಕೆ ಬಿಡೋ ಅಷ್ಟು ಕೆಟ್ಟವನಲ್ಲ ನಾನು.”

“ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಆ ಪೊಲೀಸ್ ಹುಡುಗ ಟೋಪಿ ಕೂಡ ತೆಗೀದೆ ಟಿಮಾನ್ನ ನೋಡಿದ್ಯಾ ಅಂದ. ನೋಡಿಲ್ಲ ಅಂದೆ. ಸತ್ತಿದ್ದಾನಾ ಅಂತ ಅವನು ಕೇಳಲಿಲ್ಲ.”

“ನಾನು ಕೇಳ್ತಿದ್ದೀನಿ.”

“ನಂಗೊತ್ತಿಲ್ಲ ಮಗಳೇ! ಕುಯ್ಯೋವಾಗ ಗೊತ್ತಿತ್ತು ಅಂದ್ಕೊಂಡಿದ್ದೆ. ಆಮೇಲೆ ಬಾವುಟ ಬರಲಿಲ್ಲ, ಗಂಟೆ ಬರಲಿಲ್ಲ, ಪಾದ್ರಿ ಬರಲಿಲ್ಲ. ಬೀದಿ ತುಂಬ ನಾನೊಬ್ಬನೇ ಅವನಿಗೆ ಶೋಕ ಆಚರಿಸ್ತಾ ಕೂತಿದ್ದೀನಿ. ಯಾರ ಹತ್ರ ಹೋಗಿ ಹೇಳಲಿ, ಆ ಮನುಷ್ಯ ಸತ್ತಿರಬೇಕು, ಯಾಕಂದ್ರೆ ನಾನು ಹುಲ್ಲು ಕುಯ್ದಿದ್ದೀನಿ ಅಂತ?”

ಪೆರ್ಸಿದಾಳಿಗೆ ಅವನ ದನಿಯಲ್ಲಿ ಬಿರುಕು ಕೇಳಿಸಲಿಲ್ಲ. ಅದು ಅವಳನ್ನು ತಡೆದು ನಿಲ್ಲಿಸಿತು. ಸುಳ್ಳು ಹೇಳುವವನು ಉಸಿರನ್ನು ಉಳಿಸಿಕೊಂಡು ಮಾತಾಡುತ್ತಾನೆ. ಇವನು ಪೂರ್ತಿ ಖರ್ಚು ಮಾಡಿದ್ದ.

“ಕುಯ್ಯೋವಾಗ ಗೊತ್ತಿತ್ತು ಅಂದ್ರಿ. ಯಾರು ಹೇಳಿದ್ದು?”

“ಹುಲ್ಲು ಹೇಳ್ತು.”

“ಮಾವ—”

“ಚಿತ್ರ ಸರಿಯಾಗಿ ನೋಡು. ಹನ್ನೆರಡು ವರ್ಷ ಹುಲ್ಲಿಗೆ ನೋಟಿಸು ಕೊಟ್ಟಿದ್ದೀಯ, ನಿಂಗೆ ಹುಲ್ಲು ಓದೋಕೆ ಬರಲ್ವಾ?” ಅವನ ಮೊಂಡು ಬೆರಳು ತೆರೆಯ ಮೇಲೆ ಇಳಿಯಿತು. “ಗೇಟಿನ ಎಡಕ್ಕೆ ಸಾಲು ಯಾವ ಕಡೆ ಬಿದ್ದಿದೆ? ರಸ್ತೆ ಕಡೆ. ಬಲಕ್ಕೆ? ಬೇಲಿ ಕಡೆ.”

ಅವಳು ನೋಡಿದ್ದಳು. ಒಬ್ಬನೇ ಹೋಗುತ್ತಾ ಒಂದು ಕಡೆ, ಬರುತ್ತಾ ಒಂದು ಕಡೆ ಬೀಸಿದ್ದಾನೆ ಎಂದುಕೊಂಡಿದ್ದಳು.

“ನೆರೆಯವನು ತನ್ನ ಬದಿಯಿಂದ ಗೇಟಿನವರೆಗೆ ಕುಯ್ದು ನಿಲ್ತಾನೆ. ಗೇಟು ದಾಟಲ್ಲ. ಆಚೆ ಅರ್ಧ ಆಚೆಯವನದು. ನಾನು ಮದುವೆಯಿಂದ ಬಂದು ಗಾಡಿ ಇಳಿದಾಗ ಬಲಗಡೆ ಅರ್ಧ ಆಗಲೇ ಮಲಗಿತ್ತು, ಇಬ್ಬನಿ ಸಮೇತ. ಅದನ್ನ ನೋಡಿ ಟೋಪಿ ತೆಗೆದೆ. ದೇವರೇ, ಟಿಮಾ ಹೋಗಿಬಿಟ್ಟ, ನಾವು ಮದುವೆಯಲ್ಲಿ ಕುಣೀತಿದ್ವಿ ಅಂದ್ಕೊಂಡು ಒಳಗೆ ಬಂದು ಕುಡುಗೋಲು ತಗೊಂಡೆ. ಕೇಳೋಕೆ ಹೋಗಲಿಲ್ಲ. ಕೇಳೋ ಪದ್ಧತಿ ಇಲ್ಲ.”

ಪೆರ್ಸಿದಾ ಫೋನು ತೆಗೆದುಕೊಂಡಳು. ಎರಡು ಅಲಗು. ಎರಡು ಕೈ. ಮೊದಲನೆಯದು ತಿಳಿದು ಕುಯ್ದಿತ್ತು. ಎರಡನೆಯದು ಮೊದಲನೆಯದನ್ನು ನಂಬಿ ಕುಯ್ದಿತ್ತು.

“ಬಲಗಡೆ ಮನೆಗೆ ಏಳು ವರ್ಷದಿಂದ ಬೀಗ” ಎಂದಳು. “ಅಲ್ಲಿ ನೆರೆಯವರೇ ಇಲ್ಲ.”

ಗ್ಲಿಶಾ ಯೆಲ್ಕಾಳನ್ನು ನೋಡಿದ. ಯೆಲ್ಕಾ ಏಪ್ರನ್ನಿನ ಅಂಚನ್ನು ಮಡಚಿದಳು, ಬಿಡಿಸಿದಳು.

“ನೀನು ಪಟ್ಟಣ ಸೇರಿ ತುಂಬ ವರ್ಷ ಆಯ್ತು, ಮಗಳೇ” ಎಂದಳು ಮೆಲ್ಲಗೆ. “ಒಂದು ಬದಿಗೆ ನೆರೆ ಇಲ್ಲದಿದ್ರೆ ಆ ಬದಿ ಕೂಮ್ ಕುಯ್ಯಬೇಕು.”

ಕೂಮ್. ಮದುವೆಯ ದಿನ ವರನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು. ಅಂದಿನಿಂದ ಒಡಹುಟ್ಟಿದವನಿಗಿಂತ ಹತ್ತಿರದವನು. ಒಬ್ಬನಿಗೆ ಒಬ್ಬನೇ.

ಟಿಮಾನ ಮದುವೆಯ ಫೋಟೊ ಪೆರ್ಸಿದಾ ಬೆಳೆದ ಮನೆಯ ಗೋಡೆಯ ಮೇಲೂ ಇತ್ತು. ಟಿಮಾನ ಪಕ್ಕದಲ್ಲಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು, ಇನ್ನೂ ಮೀಸೆ ಬಲಿಯದ ಅವಳ ಅಪ್ಪ ನಿಂತಿದ್ದ.

“ಆಚೆ ಅರ್ಧ ಯಾರು ಕುಯ್ದಿದ್ದು ಅಂತ ಮುಚ್ಚಿಡಬೇಕು ಅಂತ ಅಲ್ಲ” ಎಂದ ಗ್ಲಿಶಾ. ಮೊದಲ ಬಾರಿಗೆ ಅವಳ ಕಣ್ಣು ತಪ್ಪಿಸಿದ. “ಅವನ ಮಗಳ ಹತ್ರಾನೇ ಹೇಗೆ ಹೇಳಲಿ ಅಂತ.”

*

ಎರಡಕ್ಕೆ ಐದು ನಿಮಿಷವಿದ್ದಾಗ ಅವಳು ರೋಲರಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದಳು. ಮೊದಲ ಖಾನೆ: ಜಾಗ. ಎರಡು: ನೆಲದ ಒಡೆತನ. ಮೂರು: ಕಂಡದ್ದು. ನಾಲ್ಕು: ಸಾಕ್ಷಿ, ಗ್ಲಿಶಾ ಮೋಮಿರ್ಸ್ಕಿ.

ಐದರ ಹತ್ತಿರ ಪೆನ್ನು ನಿಂತಿತು.

ಬೀದಿಯ ತುದಿಯಲ್ಲಿ ವೇಲ್ಯಾನ ಬಿಳಿ ಕಾರು ತಿರುಗಿತು. ಖಾನೆ ಖಾಲಿ ಬಿಟ್ಟರೆ ಅವನು ಕಾಗದ ಹರಿಯುತ್ತಾನೆ. ಬೋಶ್ಕೊ ರೋಲರ್ ಏರುತ್ತಾನೆ. ಸಂಜೆಯೊಳಗೆ ಜಲ್ಲಿ, ಸೋಮವಾರ ಕಾಂಕ್ರೀಟ್. ಅಪ್ಪ ಭಾನುವಾರ ಎಂದಿನಂತೆ ಕೀರ್ತನೆ ಓದುತ್ತಾನೆ. ಅವಳು ಎಂದಿನಂತೆ ಕೇಳುತ್ತಾಳೆ. ಅಷ್ಟೇ. ಒಂದು ಖಾನೆ ಖಾಲಿ ಬಿಡುವುದು ಎಷ್ಟು ಸುಲಭ.

‘ಅರ್ಸೆನ್ ಉಗ್ರಿನ್’ ಎಂದು ಬರೆದಳು. ಕೆಳಗೆ ಸಹಿ ಹಾಕಿದಳು: ಪೆರ್ಸಿದಾ ಉಗ್ರಿನ್.

ಕಾರಿನಿಂದ ಇಳಿದ ವೇಲ್ಯಾ ಕಾಗದವನ್ನು ಕಸಿದುಕೊಂಡು ಓದಿದ. ಐದನೆಯ ಖಾನೆಗೆ ಬಂದು ತಲೆ ಎತ್ತಿದ.

“ಇದು ನಿಮ್ಮ...”

“ಹೌದು.”

“ನಿಮಗೆ ತಲೆ ಸರಿ ಇದೆಯಾ?”

“ಹೆಸರು ಕೇಳಿದ್ರಿ, ಕೊಟ್ಟಿದ್ದೀನಿ. ಪೊಲೀಸರಿಗೆ ಫೋನ್ ಮಾಡಿದ್ದೀನಿ, ಹೊರಟಿದ್ದಾರೆ. ಹರಿಯೋದಾದ್ರೆ ಅವರ ಮುಂದೆ ಹರೀರಿ, ಸರ್.”

ವೇಲ್ಯಾ ಹರಿಯಲಿಲ್ಲ. ಕಾಗದ ಹಿಡಿದ ಅವನ ಕೈ ಕೆಳಗಿಳಿಯಿತು. ಅವನು ಅವಳ ಹೆಗಲಾಚೆ ನೋಡುತ್ತಿದ್ದ.

ಅವಳು ತಿರುಗಿದಳು.

ಅರ್ಸೆನ್ ಸೈಕಲ್ಲನ್ನು ಹಿಪ್ಪುನೇರಳೆ ಮರಕ್ಕೆ ಒರಗಿಸುತ್ತಿದ್ದ. ಎಪ್ಪತ್ತರ ತೆಳ್ಳನೆಯ ಮನುಷ್ಯ, ಗುಂಡಿಯೆಲ್ಲ ಹಾಕಿದ ಬಿಳಿ ಅಂಗಿ. ಯೆಲ್ಕಾ ಫೋನು ಮಾಡಿರಬೇಕು. ಅವನು ಕೆಂಪು ಬಿಳಿ ಪಟ್ಟಿಯ ಹತ್ತಿರ ಬಂದು, ಅದನ್ನು ದಾಟದೆ, ಆಚೆಯೇ ನಿಂತ.

“ಬರೆದ್ಯಾ?”

“ಬರೆದೆ, ಅಪ್ಪ.”

“ನನ್ನ ಹೆಸರು?”

“ನಿಮ್ಮ ಹೆಸರು.”

ಅವನು ತಲೆಯಾಡಿಸಿದ. ಪಾಠ ತಪ್ಪಿಲ್ಲದೆ ಒಪ್ಪಿಸಿದಾಗ ಆಡಿಸುತ್ತಿದ್ದಂತೆಯೇ. “ಸರಿ. ಬರೀಬೇಕಾದ್ದೇ.”

“ಟಿಮಾ ಮಾವನ್ನ ಏನು ಮಾಡಿದ್ರಿ ಅಪ್ಪ?”

“ಟಿಮಾನಿಗೇನಾಗಿದೆ?” ಎಂದ ಅರ್ಸೆನ್. “ಬೆಳಿಗ್ಗೆ ನಮ್ಮ ಅಡುಗೆಮನೇಲಿ ಕಾಫಿ ಕುಡಿದ. ಸಕ್ಕರೆ ಕಮ್ಮಿ ಅಂತ ಬೈದ.”

ಬೋಶ್ಕೊನ ಬಾಯಿಂದ ಸಿಗರೇಟು ಬಿತ್ತು. ವೇಲ್ಯಾ ಒಂದು ಹೆಜ್ಜೆ ಹಿಂದೆ ಸರಿದದ್ದು ಪೆರ್ಸಿದಾಳಿಗೆ ಕಾಣಲಿಲ್ಲ, ಕೇಳಿಸಿತು.

“ಹಾಗಾದ್ರೆ ಹುಲ್ಲು ಯಾರಿಗೆ ಕುಯ್ದ್ರಿ?” ಅವಳ ದನಿ ಅವಳಿಗೇ ದೂರದಿಂದ ಬಂದಂತಿತ್ತು. “ಈ ನೆಲದೊಳಗೆ ಯಾರಿದ್ದಾರೆ?”

ಅರ್ಸೆನ್ ಟೋಪಿ ತೆಗೆದ. ಕುಸಿದ ಆ ಎರಡು ಹೆಜ್ಜೆ ಹುಲ್ಲಿನ ಕಡೆಗೆ ತಿರುಗಿ ಶಿಲುಬೆಯ ಗುರುತು ಮಾಡಿಕೊಂಡ.

“ಅವನ ಹೆಸರು ನಮಗೂ ಗೊತ್ತಿಲ್ಲ, ಮಗಳೇ. ಟಿಮಾನ ಮನೆಯೊಳಗೆ ಸತ್ತ, ಅಷ್ಟು ಗೊತ್ತು. ಹೆಸರು ಹೇಳಬಲ್ಲವನು ಒಬ್ಬನೇ ಇದ್ದಾನೆ.”

ಅವನು ಟೋಪಿ ಹಿಡಿದ ಕೈಯನ್ನು ಚಾಚಿದ. ಬೆರಳು ವೇಲ್ಯಾನ ಎದೆಗೆ ನೇರವಾಗಿತ್ತು.

“ಟಿಮಾನ ಹತ್ರ ಬಲವಂತವಾಗಿ ಸಹಿ ಹಾಕಿಸೋಕೆ ಅಂತ ಅವನನ್ನ ಆ ಶುಕ್ರವಾರ ತನ್ನ ಕಾರಲ್ಲಿ ತಂದು ಈ ಗೇಟಿನ ಮುಂದೆ ಇಳಿಸಿ ಹೋದವರನ್ನ ಕೇಳು.”